ಹೊಸ ಹಾಡು ಶುರುವಾದಾಗ ಬಿಯರ್ ಕೌಂಟರ್ ಕಡೆ ಹೋಗ್ಬೇಡಿ

ಮೊನ್ನೆ ಭಾನುವಾರ ವಿಜಯನಗರದ ಒಂದು ದರ್ಶಿನಿ ಮುಂದೆ ನಾವು ನಾಲ್ಕು ಜನ ಬೈಟು ಕಾಫಿ ಹಿಡ್ಕೊಂಡು ನಿಂತವರು ಒಂದೂವರೆ ಗಂಟೆ ಜಗಳ ಆಡಿದ್ವಿ. ಕಾಫಿ ಐದು ನಿಮಿಷಕ್ಕೆ ಮುಗೀತು, ಜಗಳ ಮುಗೀಲಿಲ್ಲ. ವಿಷಯ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್. ಬ್ಯಾಂಡ್ ಶುರುವಾಗಿ 50 ವರ್ಷ ಆಯ್ತು ಅಂತ 2025ರ ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಿಂದ ರನ್ ಫಾರ್ ಯುವರ್ ಲೈವ್ಸ್ ಅನ್ನೋ ಟೂರ್ ಹೊರಟಿದಾರಲ್ಲ, ಅದರಲ್ಲಿ ಮೊದಲ ಒಂಬತ್ತು ಆಲ್ಬಮ್‌ಗಳ ಹಾಡು ಮಾತ್ರ, ಅಂದ್ರೆ 1980ರಿಂದ 1992ರ ತನಕದ್ದು, ಆಮೇಲಿಂದು ಒಂದೇ ಒಂದೂ ಇಲ್ಲ. ನಮ್ಮ ಹಾಸನದ ಗೆಳೆಯನಿಗೆ ಇದಕ್ಕಿಂತ ದೊಡ್ಡ ಹಬ್ಬ ಇಲ್ಲ. "ಅದೇ ಕಣೋ ಬೇಕಾಗಿರೋದು, ಅಷ್ಟು ದುಡ್ಡು ಕೊಟ್ಟು ಹೋಗಿ ಗೊತ್ತಿಲ್ಲದ ಹಾಡಿಗೆ ಸುಮ್ನೆ ನಿಂತ್ಕೊಳ್ಳೋಕಾಗತ್ತಾ" ಅಂತಾನೆ.

ನನಗೆ ಇದು ಬೇಜಾರಿನ ವಿಷಯ. ಹಳೇ ಹಾಡು ಇಷ್ಟ ಇಲ್ಲ ಅಂತಲ್ಲ, ಅವರ ಹ್ಯಾಲೋಡ್ ಬಿ ದೈ ನೇಮ್ ಹಾಡು ಶುರುವಾದ್ರೆ ಇವತ್ತಿಗೂ ಮೈಮೇಲೆ ಕೂದಲು ನಿಲ್ತವೆ. ಆದ್ರೆ ಒಂದು ಬ್ಯಾಂಡ್ ಜೀವಂತ ಇದೆಯಾ ಇಲ್ವಾ ಅಂತ ನನಗೆ ಗೊತ್ತಾಗೋದು ಹೊಸ ಹಾಡಲ್ಲಿ ಮಾತ್ರ. ಹಳೇ ಹಾಡನ್ನ ಅರ್ಧ ಜನಾನೇ ಹಾಡಿಬಿಡ್ತಾರೆ, ಗಾಯಕ ಮೈಕ್ ಆ ಕಡೆ ತಿರುಗಿಸಿದ್ರೆ ಸಾಕು. ಹೊಸ ಹಾಡಿಗೆ ಯಾರ ಸಹಾಯಾನೂ ಇರಲ್ಲ, ಎದುರುಗಡೆ ಸಾವಿರಾರು ಜನ ಕೈ ಕಟ್ಕೊಂಡು ನಿಂತಿರ್ತಾರೆ, ಅವರನ್ನ ಆ ಐದಾರು ನಿಮಿಷದಲ್ಲಿ ಗೆಲ್ಲಬೇಕು. ಅದನ್ನ ನೋಡೋಕೇ ನಾನು ಹೋಗೋದು.

ನಾನು ಮೊದಲ ಸಲ ದೊಡ್ಡ ಮೆಟಲ್ ಶೋ ನೋಡಿದ್ದು 17 ಮಾರ್ಚ್ 2007, ಪ್ಯಾಲೇಸ್ ಗ್ರೌಂಡ್ಸ್, ಅದೇ ಐರನ್ ಮೇಡನ್. ದಾವಣಗೆರೆಯಿಂದ ಇಂಜಿನಿಯರಿಂಗ್ ಓದೋಕೆ ಬಂದು ಎರಡನೇ ವರ್ಷ. ಹಾಸ್ಟೆಲಲ್ಲಿ ಒಬ್ಬ ಸೀನಿಯರ್ ಹತ್ರ ಹಾರ್ಡ್ ಡಿಸ್ಕ್ ತುಂಬ ಹಾಡಿತ್ತು, ಅದನ್ನ ಕಾಪಿ ಮಾಡ್ಕೊಂಡು ಕೇಳಿ ಕೇಳಿ ಬೆಳೆದವರು ನಾವು. ಮೇಖ್ರಿ ಸರ್ಕಲ್ ಹತ್ರ ಇಳಿದು ನಡ್ಕೊಂಡು ಹೋಗ್ಬೇಕಾದ್ರೆ ಕಪ್ಪು ಟೀ ಶರ್ಟಿನ ಜಾತ್ರೆ, ಗುವಾಹಟಿಯಿಂದ ಬಂದೋರು, ಶಿಲ್ಲಾಂಗ್‌ನಿಂದ ಬಂದೋರು, ಕೇರಳದೋರು, ಯಾರ್ಯಾರೋ ಯಾರ್ಯಾರನ್ನೋ ತಬ್ಕೊಳ್ತಿದ್ರು. ಅವತ್ತಿನ ತನಕ ನಾವು ಈ ಸಂಗೀತ ಕೇಳೋರು ಕಾಲೇಜಿಗೆ ಹತ್ತು ಜನ ಇರಬಹುದು ಅಂದ್ಕೊಂಡಿದ್ವಿ. ಗಾಯಕ ಬ್ರೂಸ್ ಡಿಕಿನ್ಸನ್ ಓಡ್ಕೊಂಡು ಬಂದ, ಮೊದಲ ಹಾಡು ಡಿಫರೆಂಟ್ ವರ್ಲ್ಡ್, ಅದು ಆರೇಳು ತಿಂಗಳ ಹಿಂದೆ ಬಂದಿದ್ದ ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್ ಆಲ್ಬಮ್‌ದು. ಇದನ್ನ ನಾನು ಹಾಸನದವನಿಗೆ ಹದಿನೆಂಟು ವರ್ಷದಿಂದ ಹೇಳ್ತಾನೇ ಇದೀನಿ. ಭಾರತಕ್ಕೆ ಮೊದಲ ಸಲ ಬರ್ತಿದಾರೆ, ಇಲ್ಲಿನ ಜನ ಇಪ್ಪತ್ತು ವರ್ಷದಿಂದ ದಿ ಟ್ರೂಪರ್‌ಗೆ ಕಾಯ್ತಿದಾರೆ, ಬೇಕಿದ್ರೆ ಬರೀ ಹಳೇದನ್ನೇ ನುಡಿಸಿ ವಿಮಾನ ಹತ್ತಬಹುದಿತ್ತು. ಅವರು ಹೊಸದರಿಂದಾನೇ ಶುರು ಮಾಡಿದ್ರು. ಅದಕ್ಕೂ ಹಿಂದಿನ ವರ್ಷ ಅಮೆರಿಕ ಯುರೋಪಲ್ಲಿ ಆ ಆಲ್ಬಮ್ಮನ್ನ ಮೊದಲಿಂದ ಕೊನೇವರೆಗೆ ಪೂರ್ತಿ ನುಡಿಸಿ ಎಷ್ಟೋ ಜನರ ಹತ್ರ ಬೈಸ್ಕೊಂಡಿದ್ರು. ಆ ಧೈರ್ಯ ನನಗೆ ಇಷ್ಟ. ಆಮೇಲೆ 2009ರಲ್ಲಿ ಮತ್ತೆ ಬಂದಾಗ ಹೆಚ್ಚುಕಮ್ಮಿ ಪೂರ್ತಿ ಎಂಬತ್ತರ ದಶಕದ ಶೋ, ಸ್ಟೇಜ್ ಅಲಂಕಾರ ಎಲ್ಲ ಇನ್ನೂ ಭರ್ಜರಿ, ಕುಣಿದಿದ್ದೂ ಜಾಸ್ತಿ, ಆದ್ರೂ ಮನಸ್ಸಲ್ಲಿ ಉಳಿದಿರೋದು 2007.

ಅದೇ ಸುಮಾರಿಗೆ ನಮ್ಮದೂ ಒಂದು ಬ್ಯಾಂಡ್ ಇತ್ತು. ನಾನು ಬಾಸ್ ಗಿಟಾರ್, ಹಾಸನದವನು ಡ್ರಮ್ಸ್. ಒಂದು ಕಾಲೇಜ್ ಫೆಸ್ಟಲ್ಲಿ ಇಪ್ಪತ್ತು ನಿಮಿಷ ಕೊಟ್ಟಿದ್ರು, ಮೂರು ಕವರ್, ಅಂದ್ರೆ ಬೇರೆಯವರ ಹಾಡು, ನುಡಿಸಿ ನಾಲ್ಕನೇದು ನಮ್ಮದೇ ಸ್ವಂತ ಹಾಡು ಅಂತ ಹೇಳಿದ್ದೇ ತಡ, ಮುಂದಿನ ಸಾಲಿಂದ ಅಮೆರಿಕದ ದೊಡ್ಡ ಬ್ಯಾಂಡ್ ಮೆಟಾಲಿಕಾದ ಹಾಡೇ ಬೇಕು ಅಂತ ಮೆಟಾಲಿಕಾ ಮೆಟಾಲಿಕಾ ಕೂಗು ಶುರುವಾಯ್ತು, ಹಾಡು ಮುಗಿಯೋ ತನಕ ನಿಲ್ಲಲಿಲ್ಲ. ಎರಡು ತಿಂಗಳು ಕೂತು ಬರೆದ ಹಾಡು ಅದು. ಅವತ್ತು ರಾತ್ರಿ ಕೊನೇ ಬಸ್ಸು ತಪ್ಪಿ ಗಿಟಾರ್ ಹೊತ್ಕೊಂಡು ನಡ್ಕೊಂಡು ಹೋಗಿದ್ದು ಇವತ್ತಿಗೂ ನೆನಪಿದೆ. ಹೊಸ ಹಾಡು ಶುರುವಾದಾಗ ಜನ ಬೆನ್ನು ತಿರುಗಿಸೋದು ನೋಡಿದ್ರೆ ನನಗೆ ಹೊಟ್ಟೆ ಉರಿಯೋದು ಅದಕ್ಕೇ ಇರಬೇಕು.

ಮೆಟಾಲಿಕಾ ಬಂದಿದ್ದು 30 ಅಕ್ಟೋಬರ್ 2011. ಅದಕ್ಕೆ ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಶೋ ಕ್ಯಾನ್ಸಲ್ ಆಗಿ ಅಲ್ಲಿ ಸ್ಟೇಜೇ ಒಡೆದು ಹಾಕಿದ್ರು, ಇಲ್ಲಿ ಆಗತ್ತೋ ಇಲ್ವೋ ಅಂತ ನಮಗೆಲ್ಲ ಜೀವ ಬಾಯಿಗೆ ಬಂದಿತ್ತು. ಆಯ್ತು. ಕ್ರೀಪಿಂಗ್ ಡೆತ್ ಹಾಡಿನ ಮೊದಲ ರಿಫ್, ಅಂದ್ರೆ ಗಿಟಾರ್ ಪಲುಕು, ಬಿದ್ದಾಗ ಪಕ್ಕದಲ್ಲಿದ್ದ ಗಡ್ಡದ ಮನುಷ್ಯ, ನಲವತ್ತು ದಾಟಿದವರು, ಮಕ್ಕಳ ಥರ ಅತ್ತುಬಿಟ್ಟರು. ಆದ್ರೆ ಒಂದು ಗಮನಿಸಿ, ಅಮೆರಿಕದ ಗಾಯಕ ಲೂ ರೀಡ್ ಜೊತೆ ಮಾಡಿದ್ದ ಲುಲು ಆಲ್ಬಮ್ ರಿಲೀಸ್ ಆಗಿದ್ದು ಅದರ ಮಾರನೇ ದಿನ, 31 ಅಕ್ಟೋಬರ್. ಅದರಿಂದ ಒಂದು ಹಾಡೂ ಇಲ್ಲಿ ನುಡಿಸಲಿಲ್ಲ. ಆ ಆಲ್ಬಮ್ಮನ್ನ ಪ್ರಪಂಚವೆಲ್ಲ ಬೈದಿದೆ, ನನಗೂ ಪೂರ್ತಿ ಕೇಳೋಕೆ ಮೂರು ಸಲ ಪ್ರಯತ್ನ ಬೇಕಾಯ್ತು, ಆದ್ರೂ ಅವತ್ತು ಪ್ಯಾಲೇಸ್ ಗ್ರೌಂಡ್ಸಲ್ಲಿ ಒಂದೇ ಒಂದು ಹಾಡು ನುಡಿಸಿದ್ದಿದ್ರೆ ನಾನಂತೂ ಕೈ ಎತ್ತಿ ನಿಂತಿರ್ತಿದ್ದೆ. ಆ ಶೋದಲ್ಲಿ ನನಗೆ ಇನ್ನೂ ಒಂದು ಹೆಮ್ಮೆ, ಮುಂಚೆ ಸ್ಟೇಜ್ ಹತ್ತಿದೋರಲ್ಲಿ ನಮ್ಮ ಬೆಂಗಳೂರಿನ ಇನ್ನರ್ ಸ್ಯಾಂಕ್ಟಮ್ ಇದ್ರು, ಸ್ವಂತ ಹಾಡು ನುಡಿಸಿದ್ರು, ಅವತ್ತು ಯಾರೂ ಮೆಟಾಲಿಕಾ ಅಂತ ಕೂಗಿ ಅವರನ್ನ ತಡೀಲಿಲ್ಲ. ನಾನು ನಿಂತಿದ್ದ ಜಾಗದಲ್ಲಿ ಅಂತೂ ಇಲ್ಲ.

ಮಾರನೇ ವರ್ಷ ಸ್ಲೇಯರ್ ಬಂದ್ರು, ಥಣಿಸಂದ್ರ ಕಡೆ ಭಾರತೀಯ ಸಿಟಿಯಲ್ಲಿ. ಅವರ ಗಿಟಾರಿಸ್ಟ್ ಜೆಫ್ ಹ್ಯಾನೆಮನ್ ಕೈಗೆ ಕಾಯಿಲೆ ಬಂದು ಟೂರಿಗೆ ಬರೋಕಾಗ್ತಿರಲಿಲ್ಲ, ಅವರ ಜಾಗದಲ್ಲಿ ಎಕ್ಸೋಡಸ್‌ನ ಗ್ಯಾರಿ ಹೋಲ್ಟ್ ನುಡಿಸ್ತಿದ್ರು. ಮುಂದಿನ ಸಲ ಜೆಫ್ ಬರ್ತಾರೆ ಬಿಡು ಅಂತ ಮಾತಾಡ್ಕೊಂಡು ಮನೆಗೆ ಹೋದ್ವಿ. ಮೇ 2013ರಲ್ಲಿ ಅವರು ಹೋಗೇಬಿಟ್ರು.

ನಮ್ಮ ಗುಂಪಲ್ಲಿ ಮೈಸೂರಿನವನು ಒಬ್ಬ ಇದಾನೆ, ಮೂರು ವರ್ಷ ಹ್ಯಾಂಬರ್ಗಲ್ಲಿ ಕೆಲಸ ಮಾಡ್ಕೊಂಡಿದ್ದ. 2023ರಲ್ಲಿ ವಾಕನ್‌ಗೆ ಹೋಗಿ ಬಂದ. ವಾಕನ್ ಅಂದ್ರೆ ಗೊತ್ತಿಲ್ಲದೋರಿಗೆ, ಉತ್ತರ ಜರ್ಮನಿಯ ಒಂದು ಹಳ್ಳಿ, ಸುಮಾರು ಎರಡು ಸಾವಿರ ಜನಸಂಖ್ಯೆ, ಹಸು ಮೇಯೋ ಹೊಲಗಳು. 1990ರಲ್ಲಿ ಊರಿನ ಇಬ್ಬರು ಹುಡುಗರು ಅಲ್ಲಿ ಮೆಟಲ್ ಹಬ್ಬ ಶುರು ಮಾಡಿದಾಗ ಬಂದಿದ್ದು ಎಂಟುನೂರು ಜನ, ಈಗ ಪ್ರತಿ ವರ್ಷ ಎಂಬತ್ತೈದು ಸಾವಿರ. ಊರಿನ ಅಗ್ನಿಶಾಮಕ ದಳದವರ ಬ್ಯಾಂಡ್‌ಸೆಟ್ಟು ಹಬ್ಬದಲ್ಲಿ ನುಡಿಸತ್ತೆ, ಅಜ್ಜಿಯರು ಮನೆ ಮುಂದೆ ಕೂತು ಕಪ್ಪು ಬಟ್ಟೆಯವರಿಗೆ ಕಾಫಿ ಕೇಕ್ ಮಾರ್ತಾರಂತೆ. 2023ರಲ್ಲಿ ಮಳೆ ಯಾವ ಪರಿ ಹೊಡೀತು ಅಂದ್ರೆ ಹೊಲ ಪೂರ್ತಿ ಕೆಸರಾಗಿ ಕಾರುಗಳನ್ನ ಟ್ರ್ಯಾಕ್ಟರಲ್ಲಿ ಎಳೆದು ಹಾಕಿ, ಕೊನೆಗೆ ಸುಮಾರು ಐವತ್ತು ಸಾವಿರ ಜನಕ್ಕಷ್ಟೇ ಸಾಕು ಅಂತ ಬಾಗಿಲು ಹಾಕಿಬಿಟ್ರು, ಉಳಿದೋರು ದಾರಿಯಿಂದಾನೇ ವಾಪಸ್ಸು. ಇವನು ಮೊದಲೇ ಹೋಗಿದ್ದಕ್ಕೆ ಒಳಗೆ ಸಿಕ್ಕಿದ. ನಾಟಿ ಗದ್ದೆಯಲ್ಲಿ ನಿಂತ ಹಂಗೆ ಮೊಣಕಾಲಿಗೆ ಹತ್ತಿರ ಕೆಸರು ಅಂತಾನೆ. ಅಲ್ಲಿ ಐರನ್ ಮೇಡನ್ 2021ರ ಸೆಂಜುಟ್ಸು ಆಲ್ಬಮ್‌ನಿಂದ ಐದು ಹಾಡು ನುಡಿಸಿದ್ರು, ಡೆತ್ ಆಫ್ ದಿ ಸೆಲ್ಟ್ಸ್ ಒಂದೇ ಹತ್ತು ನಿಮಿಷ. ಸಾಮಾನ್ಯವಾಗಿ ಅಂಥ ಹಾಡು ಬಂದಾಗ ಜನ ಬಿಯರ್ ತರೋಕೆ ಹೋಗ್ತಾರೆ, ಆದ್ರೆ ಆ ಕೆಸರಲ್ಲಿ ಒಂದು ಹೆಜ್ಜೆ ಕಿತ್ತು ಇಡೋದೇ ಕಷ್ಟ, ಹಂಗಾಗಿ ಎಲ್ಲ ನಿಂತಲ್ಲೇ ನಿಂತು ಕೇಳಿದ್ರಂತೆ, ಕೇಳ್ತಾ ಕೇಳ್ತಾ ನಡುವಿನ ವಾದ್ಯದ ಭಾಗ ಬರೋ ಹೊತ್ತಿಗೆ ಎಲ್ಲರ ತಲೆ ಆಡ್ತಿತ್ತಂತೆ. ನಾನು ಹೇಳೋದು ಇಷ್ಟೇನೇ. ನಿಂತು ಕೇಳಿದ್ರೆ ಹಿಡಿಯತ್ತೆ.

ಅದಕ್ಕೆ ಹಾಸನದವನು ಒಂದು ಒಳ್ಳೇ ಮಾತು ಹೇಳಿದ, ಒಪ್ಪಿಕೊಳ್ಳಲೇಬೇಕು. ಅದೇ ಟೂರಲ್ಲಿ ಅಲೆಕ್ಸಾಂಡರ್ ದಿ ಗ್ರೇಟ್ ನುಡಿಸಿದ್ರಲ್ಲ, 1986ರ ಹಾಡು, ಮೂವತ್ತೇಳು ವರ್ಷ ಒಂದು ಸಲಾನೂ ಸ್ಟೇಜ್ ಮೇಲೆ ನುಡಿಸಿರಲಿಲ್ಲ, ಅದು ಹಳೇದೋ ಹೊಸದೋ? ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಈಗ ಯೋಚನೆ ಮಾಡಿದ್ರೆ ಅದೂ ಹೊಸದೇ ಅನ್ಸತ್ತೆ, ಯಾಕಂದ್ರೆ ಅದನ್ನ ನುಡಿಸೋಕೆ ಅವರು ಮತ್ತೆ ಕೂತು ಕಲೀಬೇಕಾಯ್ತು, ತಪ್ಪಾಗೋ ಭಯ ಇತ್ತು. ಈಗ ಡ್ರಮ್ಸ್ ಮೇಲೆ ನಿಕೋ ಮೆಕ್‌ಬ್ರೈನ್ ಇಲ್ಲ, 2023ರಲ್ಲಿ ಸ್ಟ್ರೋಕ್ ಆದ್ಮೇಲೂ ಎರಡು ವರ್ಷ ನುಡಿಸಿ, ಡಿಸೆಂಬರ್ 2024ರಲ್ಲಿ ಸಾವೊ ಪಾಲೊದಲ್ಲಿ ಟೂರಿಂಗ್‌ಗೆ ವಿದಾಯ ಹೇಳಿದ್ರು. ಸೈಮನ್ ಡಾಸನ್ ಬಂದಿದಾರೆ. ಹೊಸ ಡ್ರಮ್ಮರ್ ಇಟ್ಕೊಂಡು ಒಂದು ಹೊಸ ಹಾಡೂ ಇಲ್ಲ ಅಂದ್ರೆ ಅವರ ಕೈ ಹೆಂಗಿದೆ ಅಂತ ನಾವು ತಿಳ್ಕೊಳ್ಳೋದು ಹೆಂಗೆ? ಇದಕ್ಕೆ ಅವನ ಹತ್ರ ಉತ್ತರ ಇರಲಿಲ್ಲ, ಇನ್ನೊಂದು ಬೈಟು ಹೇಳಿದ.

ಆದ್ರೆ 2025ರ ಜುಲೈ 5ರ ರಾತ್ರಿ ಬಗ್ಗೆ ನಮ್ಮಲ್ಲಿ ಯಾರಿಗೂ ಜಗಳ ಇಲ್ಲ. ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕಲ್ಲಿ ಗಾಯಕ ಆಜಿ ಆಸ್ಬರ್ನ್ ಮತ್ತೆ ಅವರ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಕೊನೇ ಶೋ. ಹಾಸನದವನ ಮನೇಲಿ ದುಡ್ಡು ಕೊಟ್ಟು ಸ್ಟ್ರೀಮ್ ಹಾಕ್ಕೊಂಡು ಟಿವಿ ಮುಂದೆ ಕೂತ್ವಿ, ಎರಡು ಗಂಟೆ ತಡವಾಗಿ ಪ್ರಸಾರ, ನಮಗೆ ಸಂಜೆ ಏಳೂವರೆಗೆ ಶುರು. ಅವನ ಹೆಂಡತಿ ಪುಳಿಯೋಗರೆ ಮಾಡಿಟ್ಟು ಮಕ್ಕಳನ್ನ ಕರ್ಕೊಂಡು ತವರಿಗೆ ಹೋಗಿದ್ರು, ಅವರಿಗೆ ನಮಸ್ಕಾರ. ಮ್ಯಾಸ್ಟೊಡಾನ್, ಆಂಥ್ರಾಕ್ಸ್, ಲ್ಯಾಂಬ್ ಆಫ್ ಗಾಡ್, ಗೊಜೀರಾ, ಪ್ಯಾಂಟೆರಾ, ಟೂಲ್, ಸ್ಲೇಯರ್, ಗನ್ಸ್ ಅಂಡ್ ರೋಸಸ್, ಮೆಟಾಲಿಕಾ, ಒಬ್ಬೊಬ್ಬರೂ ತಮ್ಮ ಹಾಡಿನ ಜೊತೆ ಸಬ್ಬತ್ ಇಲ್ಲಾ ಆಜಿಯ ಹಾಡೂ ನುಡಿಸೋದು. ಇಲ್ಲಿ ಮೆಟಾಲಿಕಾ ನನ್ನ ಮನಸ್ಸು ಗೆದ್ದುಬಿಟ್ರು. ಪ್ಯಾರನಾಯ್ಡ್ ಥರದ್ದು ಯಾವುದಾದ್ರೂ ಎತ್ಕೋಬಹುದು ಅಂದ್ಕೊಂಡ್ರೆ ಹೋಲ್ ಇನ್ ದ ಸ್ಕೈ, ಅದಾದ್ಮೇಲೆ ಜಾನಿ ಬ್ಲೇಡ್! ನೆವರ್ ಸೇ ಡೈ ಆಲ್ಬಮ್‌ನ ಆ ಹಾಡನ್ನ ಇಷ್ಟ ಪಡೋರು ನಮ್ಮ ನಾಲ್ವರಲ್ಲಿ ನಾನೊಬ್ಬನೇ ಇದ್ದೆ, ಅವತ್ತಿಂದ ನಾಲ್ಕೂ ಜನ. ಪ್ಯಾಂಟೆರಾ ಪ್ಲ್ಯಾನೆಟ್ ಕ್ಯಾರವಾನ್ ನುಡಿಸಿದಾಗ ರೂಮಲ್ಲಿ ಯಾರೂ ಮಾತಾಡಲಿಲ್ಲ. ಯಂಗ್‌ಬ್ಲಡ್ ಅನ್ನೋ ಹುಡುಗ ಬಂದು ಚೇಂಜಸ್ ಹಾಡಿದ, ಬರೋ ಮುಂಚೆ ಮೈಸೂರಿನವನು ಮೂಗು ಮುರೀತಿದ್ದ, ಹಾಡು ಮುಗಿದ್ಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದ.

ಬೆಳಗಿನ ಜಾವಕ್ಕೆ ಆಜಿ ಬಂದ್ರು, ಕಪ್ಪು ಸಿಂಹಾಸನದ ಮೇಲೆ ಕೂತ್ಕೊಂಡು. ಪಾರ್ಕಿನ್ಸನ್ಸ್ ಕಾಯಿಲೆ, ನಿಲ್ಲೋಕಾಗಲ್ಲ. ಕೂತಲ್ಲೇ ಕೈ ಎತ್ತಿ ಜನರನ್ನ ಎಬ್ಬಿಸ್ತಿದ್ರು, ಎದ್ದುಬಿಡೋಣ ಅಂತ ಮೈ ಮುಂದಕ್ಕೆ ಹೋಗೋದು ಕಾಣ್ತಿತ್ತು. ಮಾಮಾ ಐಯಾಮ್ ಕಮಿಂಗ್ ಹೋಮ್ ಹಾಡುವಾಗ ದನಿ ಒಡೀತು, ಅಲ್ಲಿ ಗ್ರೌಂಡಲ್ಲಿದ್ದೋರೆಲ್ಲ ಹಾಡನ್ನ ಎತ್ಕೊಂಡ್ರು, ಇಲ್ಲಿ ವಿಜಯನಗರದಲ್ಲಿ ನಾವೂ ಎತ್ಕೊಂಡ್ವಿ. ಆಮೇಲೆ ಸಬ್ಬತ್, ನಾಲ್ಕೂ ಜನ, ಡ್ರಮ್ಮರ್ ಬಿಲ್ ವಾರ್ಡ್ ಸೇರಿ, ಇಪ್ಪತ್ತು ವರ್ಷ ಆದ್ಮೇಲೆ ಒಟ್ಟಿಗೆ. ವಾರ್ ಪಿಗ್ಸ್, ಎನ್ ಐ ಬಿ, ಐರನ್ ಮ್ಯಾನ್, ಪ್ಯಾರನಾಯ್ಡ್, ಬರೀ ನಾಲ್ಕು ಹಾಡು. ಮುಗಿದಾಗ ಕೆಳಗೆ ಬೀದಿಯಲ್ಲಿ ಹಾಲಿನವನ ಗಾಡಿ ಸದ್ದು. ಅವತ್ತು ಹೊಸ ಹಾಡು ಬೇಕು ಅಂತ ನನಗೆ ಒಂದು ಕ್ಷಣಾನೂ ಅನ್ನಿಸಲಿಲ್ಲ. ಅದು ಮನೆ ಹಿರಿಯರನ್ನ ಕಳಿಸಿಕೊಡೋಕೆ ಊರೆಲ್ಲ ಸೇರಿದ ಹಂಗಿತ್ತು, ಅಲ್ಲಿ ಸೆಟ್‌ಲಿಸ್ಟ್ ಲೆಕ್ಕ ಹಾಕೋದು ತಪ್ಪು. ಹದಿನೇಳು ದಿನ ಆದ್ಮೇಲೆ, ಜುಲೈ 22ಕ್ಕೆ, ಆಜಿ ತೀರ್ಕೊಂಡ್ರು. ಆಫೀಸಲ್ಲಿ ಫೋನ್ ನೋಡಿದವನು ಮೆಟ್ಟಿಲ ಹತ್ರ ಹೋಗಿ ಕೂತಿದ್ದೆ.

ಸಬ್ಬತ್ ಗಿಟಾರಿಸ್ಟ್ ಟೋನಿ ಅಯೋಮಿ ಬಗ್ಗೆ ಒಂದು ಮಾತು ಹೇಳಿಬಿಡ್ತೀನಿ, ಎಲ್ಲರಿಗೂ ಗೊತ್ತಿದ್ರೂ ಸರಿ. ಹದಿನೇಳನೇ ವಯಸ್ಸಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಫ್ಯಾಕ್ಟರಿಯಲ್ಲಿ, ಅದೂ ಕೆಲಸದ ಕೊನೇ ದಿನ, ಮೆಷಿನ್ನಿಗೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯ್ತು. ಎಡಗೈಯಲ್ಲಿ ನುಡಿಸೋ ಮನುಷ್ಯ, ತಂತಿ ಒತ್ತಬೇಕಾಗಿದ್ದೇ ಆ ಕೈ. ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡ್ಕೊಂಡ್ರು, ತೆಳ್ಳಗಿನ ತಂತಿ ಹಾಕ್ಕೊಂಡ್ರು, ಆಮೇಲೆ ಮಾಸ್ಟರ್ ಆಫ್ ರಿಯಾಲಿಟಿ ಆಲ್ಬಮ್ ಹೊತ್ತಿಗೆ ಶ್ರುತಿಯನ್ನೇ ಕೆಳಗಿಳಿಸಿಬಿಟ್ರು. ನಾವು ಇವತ್ತು ಹೆವಿ ಅಂತ ಕರೆಯೋ ಆ ನಾದ ಬೆಳೆದಿದ್ದು ಹಂಗೆ. ಹಳೇ ಥರ ನುಡಿಸೋಕಾಗದೆ ಹೋದವರು ಹುಡುಕ್ಕೊಂಡ ದಾರಿ.

ಈಗ ಬರೋ ಆಲ್ಬಮ್‌ಗಳ ಕಡೆ ಬರ್ತೀನಿ, ಅಸಲಿ ಜಗಳ ಇದ್ದಿದ್ದೇ ಅಲ್ಲಿ. ಮೆಗಾಡೆತ್ ಬ್ಯಾಂಡಿನೋರು 2025ರ ಆಗಸ್ಟಲ್ಲೇ ಹೇಳಿದ್ರು, ಇದೇ ಕೊನೇ ಆಲ್ಬಮ್, ಆಮೇಲೆ ವಿದಾಯದ ಟೂರ್ ಅಂತ. 2026ರ ಜನವರಿ 23ಕ್ಕೆ ಬರತ್ತೆ, ಹೆಸರೂ ಬರೀ ಮೆಗಾಡೆತ್. ಅಕ್ಟೋಬರಲ್ಲಿ ಬಂದ ಅದರ ಟಿಪಿಂಗ್ ಪಾಯಿಂಟ್ ಹಾಡು ಕೇಳಿ ನನಗೆ ಖುಷಿಯಾಯ್ತು, ಫಿನ್‌ಲೆಂಡಿನ ಟೇಮು ಮಾಂಟಿಸಾರಿ ಸೋಲೋ ಹರೀತಾ ಹೋಗತ್ತೆ, ಬ್ಯಾಂಡಿನ ನಾಯಕ ಡೇವ್ ಮಸ್ಟೇನ್ ದನಿ ಮೊದಲಿನ ಹಂಗಿಲ್ಲ ಆದ್ರೆ ರಿಫ್ ಬರೆಯೋ ಕೈ ಮೊದಲಿನ ಹಂಗೇ ಇದೆ. ಎರಡನೇ ಹಾಡು ಐ ಡೋಂಟ್ ಕೇರ್ ನನಗೆ ಹಿಡಿಸಲಿಲ್ಲ, ತೀರಾ ಸಪ್ಪೆ. ಬಾಸ್ ಜೇಮ್ಸ್ ಲೊಮೆಂಜೊ, 2008ರ ಮಾರ್ಚಲ್ಲಿ ಮೆಗಾಡೆತ್ ಪ್ಯಾಲೇಸ್ ಗ್ರೌಂಡ್ಸ್‌ಗೆ ಬಂದಾಗಲೂ ಅವರೇ ಇದ್ರು, ಬಾಸ್ ನುಡಿಸ್ತಿದ್ದ ನನ್ನಂಥವನು ಅವತ್ತು ಪೂರ್ತಿ ಅವರ ಬೆರಳನ್ನೇ ನೋಡ್ಕೊಂಡು ನಿಂತಿದ್ದೆ. ಈ ಆಲ್ಬಮ್ಮಲ್ಲಿ ರೈಡ್ ದ ಲೈಟ್ನಿಂಗ್ ಕೂಡ ಇರತ್ತೆ, ಮಸ್ಟೇನ್ ಮೆಟಾಲಿಕಾದಲ್ಲಿದ್ದಾಗ ಬರೆಯೋದ್ರಲ್ಲಿ ಕೈ ಹಾಕಿದ್ದ ಹಾಡು. ಹಾಸನದವನು ಇದನ್ನ ದುರಾಸೆ ಅಂತಾನೆ, ನಲವತ್ತು ವರ್ಷದ ಹಳೇ ಹೆಸರು ಹಿಡ್ಕೊಂಡು ಮಾರೋದು ಅಂತ. ನನಗೆ ಹಂಗನ್ಸಲ್ಲ. 1983ರಲ್ಲಿ ಬ್ಯಾಂಡಿಂದ ತೆಗೆದುಹಾಕಿಸ್ಕೊಂಡು ಬಸ್ಸಲ್ಲಿ ಕೂತು ಊರಿಗೆ ವಾಪಸ್ ಹೋದ ಹುಡುಗ ಜೀವನ ಪೂರ್ತಿ ಆ ಗಾಯ ಇಟ್ಕೊಂಡು ಇಷ್ಟೆಲ್ಲ ಹಾಡು ಮಾಡಿದಾನೆ, ಕೊನೇಲಿ ಅಲ್ಲಿಗೇ ಹೋಗಿ ಒಂದು ಸಲ ಕೈ ಮುಗಿದು ಬರ್ತೀನಿ ಅಂದ್ರೆ ನಾವು ಯಾರು ಬೇಡ ಅನ್ನೋಕೆ.

ಅದಕ್ಕೆ ಒಂದು ವಾರ ಮುಂಚೆ, ಜನವರಿ 16ಕ್ಕೆ, ಸಂಕ್ರಾಂತಿ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿರೋವಾಗಲೇ ಕ್ರಿಯೇಟರ್‌ದು ಕ್ರಶರ್ಸ್ ಆಫ್ ದ ವರ್ಲ್ಡ್. ಎಸ್ಸೆನ್ ಕಡೆಯ ಕಲ್ಲಿದ್ದಲು ಸೀಮೆಯ ಬ್ಯಾಂಡು, ಮಿಲ್ಲೆ ಪೆಟ್ರೋಜಾ ಹುಡುಗನಾಗಿದ್ದಾಗ ಶುರು ಮಾಡಿದ್ದು, ಇವತ್ತಿಗೂ ಥ್ರಾಶ್ ಅನ್ನೋ ವೇಗದ ಮೆಟಲ್ ಬಿಟ್ಟಿಲ್ಲ. ಇವರು ಹೊಸ ಹಾಡನ್ನ ಫೆಸ್ಟಿವಲಲ್ಲಿ ನಾಚಿಕೆ ಇಲ್ಲದೆ ಮಧ್ಯಕ್ಕೆ ಇಟ್ಟು ನುಡಿಸೋ ಜನ. ಜೂಡಸ್ ಪ್ರೀಸ್ಟ್ ಕೂಡ ಹಂಗೇ, 2024ರಲ್ಲಿ ಇನ್ವಿನ್ಸಿಬಲ್ ಶೀಲ್ಡ್ ತಂದಾಗ ಗಾಯಕ ರಾಬ್ ಹ್ಯಾಲ್‌ಫರ್ಡ್‌ಗೆ 72 ವರ್ಷ, ಆ ಟೂರಲ್ಲಿ ಶೋ ಶುರು ಮಾಡ್ತಿದ್ದಿದ್ದು ಹೊಚ್ಚ ಹೊಸ ಪ್ಯಾನಿಕ್ ಅಟ್ಯಾಕ್ ಹಾಡಿಂದ. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ.

ಇನ್ನು ನಮ್ಮೂರು. ಕ್ರಿಪ್ಟೋಸ್ ಬೆಂಗಳೂರಲ್ಲಿ 1998ರಿಂದ ಇದಾರೆ, 2013ರಲ್ಲಿ ವಾಕನ್ ಸ್ಟೇಜ್ ಹತ್ತಿದೋರು, 2024ರಲ್ಲಿ ಡೆಸಿಮೇಟರ್ ತಂದ್ರು. ಎಂಬತ್ತರ ದಶಕದ ಗಿಟಾರ್ ಮೇಳ, ಜೋಡಿ ಲೀಡು, ಆದ್ರೆ ಹಾಡು ಎಲ್ಲ ಸ್ವಂತದ್ದು. ಇವರ ಶೋಗೆ ಬರೋ ಜನ ಮುನ್ನೂರು ನಾನೂರು ಇರಬಹುದು, ಆದ್ರೆ ಅಲ್ಲಿ ಹೊಸ ಹಾಡಿಗೆ ಯಾರೂ ಬೆನ್ನು ತಿರುಗಿಸಲ್ಲ. ದೆಹಲಿಯ ಬ್ಲಡಿವುಡ್ 2019ರಲ್ಲಿ ವಾಕನ್‌ನಲ್ಲಿ ಹಿಂದಿ ಪಂಜಾಬಿ ಹಾಡಿ ಢೋಲ್ ಬಡಿದು ಬಂದ್ರು, 2025ರಲ್ಲಿ ನು ಡೆಲ್ಲಿ ಆಲ್ಬಮ್ಮೂ ಬಂತು. ಅದನ್ನ ಕೇಳಿದಾಗೆಲ್ಲ ನನಗೆ ಒಂದೇ ಆಸೆ, ಕನ್ನಡದಲ್ಲಿ ಯಾವಾಗ? ನಮ್ಮಜ್ಜನ ಊರ ಜಾತ್ರೆಯಲ್ಲಿ ವೀರಗಾಸೆಯವರು ಒಡಪು ಹೇಳೋದು ಕೇಳಿದೀರಾ, ಆಹಹಾ ರುದ್ರಾ ಆಹಹಾ ದೇವಾ ಅಂತ ಎದೆಯಿಂದ ಎತ್ತಿ ಕೂಗಿ, ಕತ್ತಿ ಝಳಪಿಸಿ, ಆ ದನಿ ನಿಂತ ತಕ್ಷಣ ಸಮಾಳ ಕರಡೆ ಒಟ್ಟಿಗೆ ಬೀಳೋದು. ಹಾಸ್ಟೆಲಲ್ಲಿ ಮೊದಲ ಸಲ ಗ್ರೌಲ್, ಅಂದ್ರೆ ಮೆಟಲ್ ಗಾಯಕರ ಗರ್ಜನೆ, ಕೇಳಿದಾಗ ನನ್ನ ರೂಮ್‌ಮೇಟ್ ಕಿವಿ ಮುಚ್ಕೊಂಡ, ನನಗೆ ಮಾತ್ರ ಅದು ಎಲ್ಲೋ ಕೇಳಿದ ದನಿ ಅನ್ನಿಸಿತ್ತು. ಕನ್ನಡದ ಒತ್ತಕ್ಷರಗಳಿದಾವಲ್ಲ, ಕಟ್ಟು ಕುಟ್ಟು ಬಿಚ್ಚು ನುಚ್ಚು, ಅವು ಡಬಲ್ ಬಾಸ್ ಡ್ರಮ್ಸ್ ಜೊತೆಗೆ ಹೆಂಗೆ ಕೂರ್ತವೆ ಅಂತ ಹಾಸನದವನೇ ಮೇಜು ಬಡಿದು ತೋರಿಸಿದಾನೆ. ನಮ್ಮ ಹಳೇ ಹಾಡಿನ ಪದ ಇಂಗ್ಲಿಷಲ್ಲಿತ್ತು. ಅದನ್ನ ಕನ್ನಡದಲ್ಲಿ ಮತ್ತೆ ಬರೀತಾ ಇದೀನಿ, ಎರಡು ಚರಣ ಆಗಿದೆ.

ಜನವರಿ 23 ಶುಕ್ರವಾರ. ರಜೆ ಹಾಕಿದೀನಿ. ಮೈಸೂರಿನವನು ಬೆಳಗಿನ ರೈಲಿಗೆ ಬರ್ತಾನೆ, ಹಾಸನದವನ ಮನೇಲಿ ಹನ್ನೊಂದಕ್ಕೆ ಶುರು. ಫೋನ್‌ಗಳು ಅಡುಗೆಮನೆ ಕಟ್ಟೆ ಮೇಲೆ, ಮಧ್ಯದಲ್ಲಿ ಹಾಡು ಬಿಟ್ಟು ಮುಂದೆ ಹಾರಿಸೋ ಹಂಗಿಲ್ಲ, ಮೊದಲ ಹಾಡಿಂದ ರೈಡ್ ದ ಲೈಟ್ನಿಂಗ್ ತನಕ ಯಾರೂ ಬಾಯಿ ಬಿಡೋ ಹಂಗಿಲ್ಲ. ಕಾಫಿ ಫ್ಲಾಸ್ಕಿಗೆ ಮೊದಲೇ ತುಂಬಿಸಿಡು ಅಂತ ಹೇಳಿದೀನಿ, ಇಲ್ಲಾಂದ್ರೆ ನಾಲ್ಕನೇ ಹಾಡಿಗೆ ಎದ್ದು ಒಲೆ ಹಚ್ಚೋಕೆ ಹೋಗ್ತಾನೆ.